ಜಡ್ಜ್ ಕುರ್ಚಿಯಿಂದ ಎದ್ದ ಕಾಕು

ನಮ್ಮ ಎದುರುಮನೆ ಕಾಕುವಿನ ಎರಡೂ ಹೆಬ್ಬೆರಳುಗಳು ಬಾಗುತ್ತಿರಲಿಲ್ಲ. ಸಂಧಿವಾತ ಅವುಗಳ ಬುಡವನ್ನು ಗಂಟು ಮಾಡಿ ನೆಟ್ಟಗೆ ನಿಲ್ಲಿಸಿಬಿಟ್ಟಿತ್ತು. ಅವರು ಕೈ ಬೀಸಿಕೊಂಡು ಪಟ್ಟಂ ಜಂಕ್ಷನ್ನಿನ ಕಡೆ ನಡೆದರೆ, ಯಾರೋ ಕರೆದರೆಂದು ತಿಳಿದು ಆಟೋಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು. ಕಾಕು ಬಗ್ಗಿ ಒಳಗೆ ನೋಡಿ, "ನಾ ಕರದೆನೇನು ನಿನ್ನ?" ಎಂದು ಧಾರವಾಡದ ಕನ್ನಡದಲ್ಲೇ ದಬಾಯಿಸುವರು. ಡ್ರೈವರಿಗೆ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತಿತ್ತು. ಹತ್ತು ಹೆಜ್ಜೆ ಹೋದ ಮೇಲೆ ಬಿಸಿಲು ಜೋರಾಯಿತೆಂದು ಅದೇ ಆಟೋವನ್ನು ಕೂಗಿ ಹತ್ತಿ ಕೂತದ್ದೂ ಉಂಟು.

ಅವರು ನನ್ನ ಸ್ವಂತ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ಅಪ್ಪನಿಗೆ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ ನಾವು ಪಟ್ಟಂನ ಆ ಫ್ಲಾಟಿಗೆ ಬಂದಾಗ ನನಗೆ ನಾಲ್ಕು ವರ್ಷ. ಇಡೀ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದು ಮತ್ತು ಎದುರಿನದು. ಎದುರುಮನೆಯ ಕಾಕಾ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ, ಮಾತು ಕಡಿಮೆ. ಮನೆಯ ಮಾತೆಲ್ಲ ಕಾಕುವಿನದು. "ರಾಕೆಟ್ ಹಾರಸೋದು ಹಗುರ ನೋಡು, ಇಕಿನ್ನ ಒಂದ ಕಡೆ ಕೂಡಸೋದು ಭಾಳ ತ್ರಾಸು" ಎಂದು ಕಾಕಾ ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಶಾಲೆಗೆ ಸೇರಿದ ಒಂದೇ ವರ್ಷದಲ್ಲಿ ನಾನು ಪಕ್ಕಾ ಮಲಯಾಳಿ ಹುಡುಗಿಯಾಗಿಬಿಟ್ಟೆ. ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. ಕಾಕುವಿನ ಅಡುಗೆಮನೆಯಲ್ಲಿ ಮಾತ್ರ ಈ ಆಟ ನಡೆಯಲಿಲ್ಲ. ಶೇಂಗಾ ಹೋಳಿಗೆ ಒಂದು ಮುಗಿಸಿ "ಒನ್ನು ಕೂಡಿ ವೇಣಂ" ಎಂದು ಕೈ ಚಾಚಿದರೆ, ಇನ್ನೊಂದು ಬೇಕೆಂಬ ಅರ್ಥ ಅವರಿಗೆ ಚೆನ್ನಾಗಿಯೇ ಆಗುತ್ತಿತ್ತು. ಆದರೂ ಡಬ್ಬಿಯ ಮುಚ್ಚಳ ಒತ್ತಿ ಹಿಡಿದು, "ಕನ್ನಡದಾಗ ಕೇಳು, ಎರಡ ಕೊಡ್ತೀನಿ" ಎನ್ನುವರು. ಹೊಟ್ಟೆಬಾಕಿಯಾದ ನಾನು ಹೀಗೆ ಹೋಳಿಗೆಗೊಂದರಂತೆ ವಾಕ್ಯ ಕಲಿತೆ. ಇವತ್ತು ಈ ಬರಹವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದರೆ ಅದರ ಹಿಂದೆ ಬಹಳಷ್ಟು ಶೇಂಗಾ ಇದೆ.

ಈ ಕಾಕುವಿಗೆ ಒಂದೇ ಒಂದು ಕೊರಗಿತ್ತು. ಓಣಂ ಹಬ್ಬಕ್ಕೆ ನಮ್ಮ ಫ್ಲಾಟಿನ ಕೆಳಗಿನ ಹಾಲಿನಲ್ಲಿ ಆಟದ ಸ್ಪರ್ಧೆಗಳು ನಡೆಯುತ್ತಿದ್ದವು. ಚಮಚದಲ್ಲಿ ನಿಂಬೆಹಣ್ಣು, ಹಗ್ಗಜಗ್ಗಾಟ, ಇಂಥವು. ಕಾಕುವಿನ ಕೈಯಲ್ಲಿ ಚಮಚ ನಿಲ್ಲದು, ಹಗ್ಗ ಹಿಡಿಸದು. ಹಾಗಾಗಿ ಫ್ಲಾಟಿನ ಸಂಘದ ಕಾರ್ಯದರ್ಶಿಗಳು ಪ್ರತಿ ವರ್ಷ ಬಹಳ ಮರ್ಯಾದೆಯಿಂದ ಅವರನ್ನು ಜಡ್ಜ್ ಮಾಡಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಒಂದು ಸೀಟಿ ಹಾಕುತ್ತಿದ್ದರು. ಕಾಕು ನಗುನಗುತ್ತ ಸೀಟಿ ಊದುವರು. ಮನೆಗೆ ಬಂದು ಸೀಟಿಯನ್ನು ಮೇಜಿನ ಮೇಲೆ ಕುಕ್ಕಿ, "ಎಲ್ಲಾರೂ ಆಡ್ತಾರ, ನಾ ಒಬ್ಬಾಕಿ ನೋಡ್ತೀನಿ. ಮರ್ಯಾದಿ ಕೊಟ್ಟು ಕೊಟ್ಟು ಮೂಲ್ಯಾಗ ಕೂಡಿಸಿದ್ರು" ಎನ್ನುವರು. ಆಗ ಅವರ ದನಿ ಎಂದಿನಂತಿರುತ್ತಿರಲಿಲ್ಲ.

ನಾನು ಓದು ಮುಗಿಸಿ ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿದೆ. ಪಾಲಾರಿವಟ್ಟಂನಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆಟಗಳನ್ನು ಮಾಡುತ್ತಿದ್ದೆವು. ಆಡುವವರ ಕೈ ಏನು ಮಾಡಿತು, ಬಾಯಿ ಏನು ಹೇಳಿತು ಎಂಬುದನ್ನು ಆಟಕ್ಕೆ ತಿಳಿಸುವ ಭಾಗ ನನ್ನದು. ಆಗ ತಯಾರಾಗುತ್ತಿದ್ದದ್ದು ದೋಣಿ ಪಂದ್ಯದ ಆಟ. ನೂರು ಜನ ಹುಟ್ಟು ಹಾಕುವ ಉದ್ದನೆಯ ದೋಣಿ. ಅದನ್ನು ಬಟನ್ ಒತ್ತಿಯೂ ನಡೆಸಬಹುದು. ಬೇಕಾದವರು ಎರಡು ಕೈಯಲ್ಲಿ ಎರಡು ಕಂಟ್ರೋಲರ್ ಹಿಡಿದು ಹುಟ್ಟು ಹಾಕಿದಂತೆ ಬೀಸಿ, ಮೈಕಿನಲ್ಲಿ ಅಪ್ಪಣೆ ಕೊಟ್ಟು ಕೂಡ ನಡೆಸಬಹುದು.

ಈ ಬೀಸುವ, ಕೂಗುವ ಸೌಲಭ್ಯ ಯಾಕೆ ಬೇಕು ಎಂದು ನಾನು ನಮ್ಮ ತಂಡದ ಹಿರಿಯನನ್ನು ಕೇಳಿದ್ದೆ. ನಾವೆಲ್ಲ ಅವನನ್ನು ಚೇಟ್ಟ ಎನ್ನುತ್ತಿದ್ದೆವು, ಮಲಯಾಳದಲ್ಲಿ ಅಣ್ಣ. ಅವನು ಬೆರಳು ಮಡಿಚಿ ಹೇಳಿದ: "ಅಂಗಡಿಯಲ್ಲಿ ಯಾರಾದರೂ ಕೈ ಬೀಸಿ ಆಡುತ್ತಿದ್ದರೆ ಜನ ನಿಂತು ನೋಡುತ್ತಾರೆ. ಡಬ್ಬಿಯ ಮೇಲೆ ಒಂದು ಸಾಲು ಹೆಚ್ಚಿಗೆ ಅಚ್ಚಾಗುತ್ತದೆ. ಬೇರೆಯವರು ಹಾಕಿದ್ದಾರೆ, ನಾವು ಹಾಕದಿದ್ದರೆ ಹಿಂದುಳಿದವರು ಅನ್ನುತ್ತಾರೆ. ಸಾಕಾ?" ನನಗೆ ಸಾಕಾಗಿತ್ತು. ನಿಜ ಹೇಳಬೇಕೆಂದರೆ ಆ ಕೆಲಸ ಕಂಡರೆ ನನಗೆ ಉರಿ. ಫ್ಯಾನಿನ ಸದ್ದನ್ನೂ ಮೈಕು ಅಪ್ಪಣೆ ಎಂದುಕೊಳ್ಳುವುದು. ನಮ್ಮ ಹುಡುಗರು ಹತ್ತು ನಿಮಿಷ ಬೀಸಿ ತೋಳು ನೋವೆಂದು ಬಟನ್ನಿಗೆ ಮರಳುವರು. ಗಟ್ಟಿಮುಟ್ಟಾದ ಹೆಬ್ಬೆರಳಿರುವವರಿಗೆ ಇದೊಂದು ತೋರಿಕೆಯ ಒಡವೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಒಂದು ಶನಿವಾರ ಆಟವನ್ನು ಪಟ್ಟಂಗೆ ತಂದು ಕಾಕುವಿನ ಟಿವಿಗೆ ಜೋಡಿಸಿದೆ, ನನ್ನ ಜಂಬ ತೋರಿಸಲಿಕ್ಕೆ. ಪರದೆಯ ಮೇಲೆ ದೋಣಿ ಬಂದದ್ದೇ ಕಾಕು ಸೆರಗು ಸಿಕ್ಕಿಸಿ ಸೋಫಾದ ಅಂಚಿಗೆ ಬಂದರು. ನಾನು ಬಟನ್ ಕಂಟ್ರೋಲರ್ ಕೊಟ್ಟೆ. ಅವರ ಹೆಬ್ಬೆರಳು ಬಟನ್ನಿನ ಮೇಲೆ ಜಾರಿತು. ಇನ್ನೊಂದು ಸಲ ಒತ್ತಿದರು, ಮತ್ತೆ ಜಾರಿತು. ಮೂರನೆಯ ಸಲಕ್ಕೆ ನಾನು ಅದನ್ನು ತೆಗೆದುಕೊಂಡು, ಬಹಳ ಪ್ರೀತಿಯಿಂದಲೇ, "ಪರವಾಗಿಲ್ಲ ಕಾಕು, ನಾನು ಆಡ್ತೀನಿ, ನೀವು ನೋಡ್ತಾ ಇರಿ" ಅಂದೆ.

ಕಾಕು ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡರು. ಎದ್ದು ಅಡುಗೆಮನೆಗೆ ಹೋದರು. ಒಳಗಿನಿಂದ ಪಾತ್ರೆಯ ಸದ್ದೂ ಬರಲಿಲ್ಲ. ಕಾಕಾ ಪೇಪರು ಕೆಳಗಿಳಿಸಿ ನನ್ನನ್ನು ನೋಡಿ, "ನೀನೂ ಆಕಿಗೆ ಸೀಟಿ ಕೊಟ್ಟಿ?" ಎಂದರು. ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಎನ್ನಿಸಿತು.

ಮುಂದಿನ ಶುಕ್ರವಾರ ಸಂಜೆಯ ರೈಲಿಗೆ ಬೀಸುವ ಕಂಟ್ರೋಲರುಗಳನ್ನೂ ಮೈಕನ್ನೂ ಹೊತ್ತು ಬಂದೆ. ಹಿಡಿಯಲು ಬೆರಳು ಬಾರದ ಕಾರಣ ಹಳೆಯ ಸೀರೆಯ ಅಂಚು ಹರಿದು ಕಾಕುವಿನ ಎರಡೂ ಕೈಗಳ ಹಿಂಬದಿಗೆ ಕಂಟ್ರೋಲರ್ ಕಟ್ಟಿದೆ. ದೋಣಿ ಹೊರಟಿತು, ಇದ್ದಲ್ಲೇ ಗಿರಗಿರ ಸುತ್ತಿತು. "ನೀವು ಬೀಸೋದು ಸಾಲದು ಕಾಕು, ಎದ್ದು ನಿಂತು ಜೋರಾಗಿ ಬೀಸಬೇಕು" ಅಂದೆ.

"ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ" ಎಂದರು ಕಾಕು, ಏದುಸಿರು ಬಿಡುತ್ತ. "ಖರೇ. ಆದ್ರ ತಂಗಿ, ಒಮ್ಮೊಮ್ಮೆ ನೆಲಾನೂ ಡೊಂಕ ಇರ್ತದ. ಅದನ್ನೂ ಒಂದೀಟು ನೋಡವಾ."

ನೆಲ ಡೊಂಕೇ ಇತ್ತು. ಎಷ್ಟು ದೂರ ಬೀಸಿದರೆ ಒಂದು ಹುಟ್ಟು ಎಂಬ ಅಳತೆಯನ್ನು ನಾವು ನಮ್ಮ ಆಫೀಸಿನ ಹುಡುಗರನ್ನು ನಿಲ್ಲಿಸಿ ತೆಗೆದುಕೊಂಡಿದ್ದೆವು. ಎಲ್ಲರೂ ಇಪ್ಪತ್ತೈದರ ಆಸುಪಾಸಿನವರು, ಸಂಜೆ ಕಾಲ್ಚೆಂಡು ಆಡುವವರು. ಕಾಕುವಿನ ತೋಳು ಅಷ್ಟು ದೂರ ಹೋಗದು. ಹಾಗಾದರೆ ಅವರ ಕೈಗೆ ಸಲೀಸಾಗಿ ಬರುವುದು ಏನು? ಕೇಳಿದೆ. "ರೊಟ್ಟಿ ಬಡಿಯೂದು" ಎಂದರು. ಧಾರವಾಡದಿಂದ ಜೋಳದ ಹಿಟ್ಟು ತರಿಸಿ ವಾರಕ್ಕೆರಡು ಸಲ ಆಗಲೂ ರೊಟ್ಟಿ ಬಡಿಯುತ್ತಿದ್ದರು. ಅದಕ್ಕೆ ಹೆಬ್ಬೆರಳು ಬೇಡ, ಅಂಗೈ ಸಾಕು. "ಅದನ್ನೇ ಮಾಡಿ ತೋರಿಸಿ" ಅಂದೆ. ಟೀಪಾಯಿಯ ಮೇಲೆ ತಟತಟನೆ ಬಡಿದರು. ನಾನು ಲ್ಯಾಪ್‌ಟಾಪಿನಲ್ಲಿ ನೋಡುತ್ತ ಕೂತೆ. ಕೈಯ ಚಲನೆ ತೋರುವ ಗೆರೆಗಳು ಪುಟ್ಟವು, ಆದರೆ ಒಂದರ ಹಿಂದೊಂದು ಎಷ್ಟು ಕರಾರುವಾಕ್ಕು! ನಮ್ಮ ಹುಡುಗರಲ್ಲಿ ಒಬ್ಬನಿಗೂ ಆ ಲಯ ಇರಲಿಲ್ಲ. ಅಂದೇ ಅಳತೆ ಬದಲಿಸಿದೆ. ಕೈ ಎಷ್ಟು ದೂರ ಹೋಯಿತು ಎನ್ನುವುದಲ್ಲ, ಎಷ್ಟು ಹದವಾಗಿ ಬಿತ್ತು ಎನ್ನುವುದು ಲೆಕ್ಕ. ಕಾಕು ಕೂತಲ್ಲೇ ರೊಟ್ಟಿ ಬಡಿದರು. ದೋಣಿ ಬಾಣದ ಹಾಗೆ ಹೋಯಿತು. ಅವರು ಹಾಕಿದ ಕೇಕೆಗೆ ಮೂರನೇ ಮಹಡಿಯ ಟೀಚರ್ ಕೆಳಗೆ ಓಡಿ ಬಂದರು.

ಇನ್ನು ಉಳಿದದ್ದು ಅಪ್ಪಣೆಯ ಮಾತು. ನಾವು ಅದನ್ನು ಇಂಗ್ಲಿಷಿನಲ್ಲಿ ಇಟ್ಟಿದ್ದೆವು. ಕಾಕು ಕೇಳಿದರು, "ಈ ಹುಟ್ಟು ಹಾಕೋ ಮಂದಿ ಯಾ ಊರವರು?"

"ಆಲಪ್ಪುಳದ ಕಡೆಯವರು ಕಾಕು."

"ಮತ್ತ ಅವರಿಗೆ ಇಂಗ್ಲಿಷ್‌ನಾಗ ಯಾಕ ಹೇಳಬೇಕು? ನಾ ಧಾರವಾಡದಾಕಿ, ಅವರು ಆಲಪ್ಪುಳದವರು, ನಡುವ ಇಂಗ್ಲೆಂಡಿನವ ಯಾವ?"

ಟೀಚರ್ ಬಿದ್ದು ಬಿದ್ದು ನಕ್ಕರು. ನಾನು ಪದಗಳನ್ನೇ ಕಿತ್ತೆಸೆದು, ದನಿಯ ಏರಿಳಿತಕ್ಕೆ ದೋಣಿ ಓಗೊಡುವಂತೆ ಮಾಡಿದೆ. ಯಾವ ಭಾಷೆಯಲ್ಲಾದರೂ ಕೂಗಿ, ಹದವಾಗಿ ಕೂಗಿ. ಒಂದು ಭಾನುವಾರ ಕುಕ್ಕರ್ ಸೀಟಿ ಹೊಡೆದು ದೋಣಿ ಛಂಗನೆ ಮುಂದೆ ಜಿಗಿದಾಗ ಟೀಚರ್ "ಇದು ಮೋಸ, ಇವರು ಬೇಳೆ ಬೇಯಿಸಿ ಗೆಲ್ಲುತ್ತಿದ್ದಾರೆ!" ಎಂದು ಮಲಯಾಳದಲ್ಲಿ ಜಗಳವಾಡಿದರು. ಕುಕ್ಕರಿನ ಸದ್ದನ್ನು ಬೇರ್ಪಡಿಸಲು ನನಗೆ ಎರಡು ವಾರ ಹಿಡಿಯಿತು.

ಅಷ್ಟರಲ್ಲಿ ಪಾಲಾರಿವಟ್ಟಂನಲ್ಲಿ ಚೇಟ್ಟ ಕತ್ತರಿ ಹಿಡಿದು ಕೂತಿದ್ದ. ಬೀಸುವುದು, ಕೂಗುವುದು ಎರಡನ್ನೂ ತೆಗೆದುಬಿಡೋಣ, ಯಾರೂ ಬಳಸುವುದಿಲ್ಲ ಎಂದ. ನಾನು ಮೊಬೈಲಿನಲ್ಲಿದ್ದ ಕಾಕುವಿನ ವಿಡಿಯೊ ಹಿಡಿದೆ. ಅವನು ನಕ್ಕ. "ಚೆನ್ನಾಗಿದೆ. ಆದರೆ ಇಂಥ ಎಷ್ಟು ಕಾಕುಗಳು ಇದ್ದಾರೆ ಮೋಳೇ?" ಎಂದ, ಮಗಳೇ ಎನ್ನುವ ಮಲಯಾಳಿ ಸಲುಗೆಯಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು. ಕೆಲವೇ ತಿಂಗಳ ಹಿಂದೆ ಅದೇ ಮಾತನ್ನು ನಾನೇ ಆಡುತ್ತಿದ್ದೆ ಎಂಬುದು ಆ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು. "ಎಷ್ಟು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ನಾವು ಅವರನ್ನ ಒಳಗೇ ಬಿಟ್ಟಿಲ್ಲವಲ್ಲ! ನಿಮ್ಮ ಮನೆಯಲ್ಲೇ ಒಬ್ಬರು ಇರಬಹುದು, ತಗೊಂಡು ಹೋಗಿ ನೋಡಿ" ಎಂದು ಕಂಟ್ರೋಲರುಗಳನ್ನು ಅವನ ಚೀಲಕ್ಕೆ ತುರುಕಿದೆ.

ಚೇಟ್ಟನ ಮನೆ ಫೋರ್ಟ್ ಕೊಚ್ಚಿಯಲ್ಲಿ. ಅವನ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಗಿತ್ತೆಂಬುದು ನನಗೆ ಆಗ ಗೊತ್ತಿರಲಿಲ್ಲ. ಸೋಮವಾರ ಬಂದವನು ಕತ್ತರಿಯ ಮಾತೆತ್ತಲಿಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, "ಒಂದೇ ಕೈಯಲ್ಲಿ ಆಡುವ ಹಾಗೆ ಮಾಡಲು ಎಷ್ಟು ದಿನ ಬೇಕು?" ಎಂದಷ್ಟೇ ಕೇಳಿದ. ಲೋಟ ತೊಳೆದಿಡುತ್ತ ತಾನಾಗಿಯೇ, "ಅಪ್ಪ ಬರೀ ಕೂಗಿಯೇ ನನ್ನನ್ನು ಎರಡು ಸಲ ಸೋಲಿಸಿದರು" ಎಂದ.

ಕಾಕು ಈಗಿಲ್ಲ. ಹೋದ ವರ್ಷ ಸಣ್ಣ ಜ್ವರವೆಂದುಕೊಂಡದ್ದು ದೊಡ್ಡದಾಗಿ, ಒಂದೇ ವಾರದಲ್ಲಿ ಹೋದರು. ಸುದ್ದಿ ಬಂದ ದಿನ ಕೊಚ್ಚಿಯಿಂದ ತಿರುವನಂತಪುರದವರೆಗೂ ರೈಲಿನಲ್ಲಿ ಅತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದವರು ಈ ಸೌಲಭ್ಯ ಯಾಕೆ ಎಂದರೆ ನಾನು ಡಬ್ಬಿಯ ಮೇಲಿನ ಸಾಲಿನ ಮಾತಾಡುವುದಿಲ್ಲ, ಕಾಕುವಿನ ಕತೆ ಹೇಳುತ್ತೇನೆ. ಕೈಕಸುಬು ಕಾಲೇಜಿನಲ್ಲಿ ಕಲಿತೆ. ಅದು ಯಾರಿಗಾಗಿ ಎಂದು ಕಲಿಸಿದ್ದು ಅವರು. ಹೇಳುತ್ತ ಹೇಳುತ್ತ ಅಳು ಬರುವುದಿಲ್ಲ, ನಗು ಬರುತ್ತದೆ, ಯಾಕೆಂದರೆ ಕತೆ ಮುಗಿಯುವುದು ಆಟ ತಯಾರಾದ ವರ್ಷದ ಓಣಂನಲ್ಲಿ.

ಅಂದು ಕೆಳಗಿನ ಹಾಲಿನಲ್ಲಿ ದೊಡ್ಡ ಪರದೆ ಕಟ್ಟಿದ್ದೆವು. ಸ್ಪರ್ಧೆಯ ಕೊನೆಯ ಆಟ ದೋಣಿಯದು, ಕಾಕುವಿಗೂ ಟೀಚರಿಗೂ. ಒಬ್ಬರು ಧಾರವಾಡದ ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ ಕೂಗುತ್ತಿದ್ದರೆ ಹಾಲಿನ ಚಾವಣಿ ಹಾರಿಹೋಗುವಂತಿತ್ತು. ಅರ್ಧ ದಾರಿಗೆ ಕಾಕುವೇ ಮುಂದು. ಆಮೇಲೆ, ಗೆದ್ದೇಬಿಟ್ಟೆ ಎಂಬ ಸಂಭ್ರಮಕ್ಕೆ ಅವರ ರೊಟ್ಟಿ ಬಡಿತ ಹದ ತಪ್ಪಿತು. ಟೀಚರರ ದೋಣಿ ಸದ್ದಿಲ್ಲದೆ ಪಕ್ಕಕ್ಕೆ ಬಂತು, ಮೂತಿ ಮುಂದೆ ಚಾಚಿತು, ಗೆದ್ದಿತು.

ಹಿರಿಯರಿಗೆ ಬೇಜಾರಾದೀತೆಂದು ಕಾರ್ಯದರ್ಶಿ ಗಡಿಬಿಡಿಯಿಂದ ಮೈಕು ಹಿಡಿದು, ಇಬ್ಬರಿಗೂ ಮೊದಲ ಬಹುಮಾನ ಎಂದು ಸಾರಿದರು. ಕಾಕು ಕೈಗೆ ಕಟ್ಟಿದ್ದ ಕಂಟ್ರೋಲರುಗಳ ಸಮೇತ ಎದ್ದು ಫಲಿತಾಂಶ ಬರೆಯುವ ಬೋರ್ಡಿನ ಮುಂದೆ ಹೋಗಿ ನಿಂತರು. "ಬ್ಯಾಡ. ಟೀಚರ್ ಗೆದ್ದಾರ. ಸೋತವರ ಕಡೆ ನನ್ನ ಹೆಸರು ಬರೀರಿ. ದೊಡ್ಡ ಅಕ್ಷರದಾಗ ಬರೀರಿ." ಕಾರ್ಯದರ್ಶಿ ಬರೆಯುವ ತನಕ ಕಾಕು ಕದಲಲಿಲ್ಲ. ಬರೆದಾದ ಮೇಲೆ ನನ್ನ ಕೈಯಲ್ಲಿ ಧಾರವಾಡದ ತಮ್ಮ ಅಕ್ಕನಿಗೆ ಫೋನು ಹಚ್ಚಿಸಿ, ಇಡೀ ಹಾಲಿಗೆ ಕೇಳುವಂತೆ ಕೂಗಿದರು:

"ಅಕ್ಕಾ, ನಾ ಇವತ್ತ ಸೋತೆ!"

ಆ ಕಡೆಯಿಂದ ಪಾಪ ಸಮಾಧಾನದ ಮಾತು ಬಂದಿರಬೇಕು. ಕಾಕು ತಡೆದರು.

"ಅಯ್ಯ, ಹೋಗ್ಲಿ ಬಿಡು ಅನ್ನಬ್ಯಾಡ. ಇಷ್ಟ ವರ್ಷ ನಾ ಒಮ್ಮೆನೂ ಸೋತಿದ್ದಿಲ್ಲ, ಗೊತ್ತದ ಇಲ್ಲೋ? ಯಾಕಂದ್ರ ನನಗ ಯಾರೂ ಆಡಾಕ ಬಿಟ್ಟಿದ್ದಿಲ್ಲ. ಇವತ್ತ ಆಡೀನಿ ಅಕ್ಕಾ. ಆಡಿ ಸೋತೀನಿ!"