ಕಠ್ಮಂಡುವಿನಲ್ಲಿ ಸಿಕ್ಕ ಒಂದು ಕೆಜಿ

ಕೆ. ಹೊಸಕೋಟೆಯಿಂದ ಆಲೂರಿಗೆ ಮೊದಲ ಬಸ್ಸು ಆರೂವರೆಗೆ ಅನ್ನುತ್ತಾರೆ. ಅವತ್ತು ಬಂದದ್ದು ಏಳು ದಾಟಿದ ಮೇಲೆ. ಕಾಫಿ ಕೊಯ್ಲು ಮುಗಿದಿತ್ತು, ಗಿಡ ಹೂಬಿಡಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ, ರಸ್ತೆಯ ಧೂಳೆಲ್ಲ ನಮ್ಮ ಮೈಮೇಲೆ. ನಾನು ಊರ ಪಕ್ಕದ ಎಸ್ಟೇಟಿನಲ್ಲಿ ಹದಿನೆಂಟು ವರ್ಷದಿಂದ ರೈಟರ್, ಅಂದರೆ ಲೆಕ್ಕ ಬರೆಯುವವನು. ಜೊತೆಗಿದ್ದವಳು ಅಕ್ಕನ ಮಗಳು ಸಿಂಚನ. ಹೊರಟದ್ದು ಕಠ್ಮಂಡುವಿಗೆ, ಅಂತರರಾಷ್ಟ್ರೀಯ ಯುವ ಜೂಡೋ ಚಾಂಪಿಯನ್‌ಷಿಪ್‌ಗೆ. ಮುಂದಿನ ವರ್ಷ ಅವಳ ವಯಸ್ಸು ಯುವ ಗುಂಪಿನ ಮಿತಿ ಮೀರುತ್ತದೆ. ಹಾಗಾಗಿ ಇದೇ ಮೊದಲು, ಇದೇ ಕೊನೆ.

"ಮಗು ಜೋಪಾನ ಕಣೋ," ಎಂದಳು ಅಕ್ಕ.

"ನಾನಿಲ್ವೇನಕ್ಕ," ಎಂದೆ. ಈಗ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಜೂಡೋದಲ್ಲಿ ತೂಕಕ್ಕೆ ತಕ್ಕಂತೆ ಗುಂಪು. ಸಿಂಚನ ನಲವತ್ತೆಂಟು ಕೆಜಿಯೊಳಗಿನ ಗುಂಪಿನವಳು. ನೂರು ಗ್ರಾಂ ಹೆಚ್ಚಿದ್ದರೂ ಆ ಗುಂಪಿನಲ್ಲಿ ಆಡಿಸುವುದಿಲ್ಲ. ಹಾಸನದಲ್ಲಿ ಅವಳು ಜೂಡೋ ಕಲಿಯುವ ಕಡೆಯ ತೂಕದ ಯಂತ್ರ ಕೆಟ್ಟು ಕೂತಿತ್ತು. ನಮ್ಮ ಕಡೆ ನಂಬುವಂಥ ತಕ್ಕಡಿ ಅಂದರೆ ಎಸ್ಟೇಟ್ ಸ್ಟೋರಿನದು. ಕಾಫಿ ಹಣ್ಣಿನ ಮೂಟೆ ಇಡುವ ಅದೇ ಹಲಗೆಯ ಮೇಲೆ ಎರಡು ತಿಂಗಳು ಪ್ರತಿ ಸೋಮವಾರ ಅವಳನ್ನು ನಿಲ್ಲಿಸಿ, ಮುಳ್ಳು ನೋಡಿ, ಪುಸ್ತಕದಲ್ಲಿ ಬರೆದು, ಬರೆದದ್ದನ್ನು ಓದಿ ಹೇಳುತ್ತಿದ್ದೆ. ಕೊನೆಯ ಸೋಮವಾರ ನಲವತ್ತೇಳು ಮುಕ್ಕಾಲು ಬಂದಿತ್ತು.

ಹಾಸನದಲ್ಲಿ ಕೋಚ್ ಪುಷ್ಪಾ ಮೇಡಂ ಬಸ್ಸು ಹತ್ತಿದವರೇ ಕೇಳಿದರು: "ತೂಕ ಸರಿಯಾಗಿ ನೋಡಿದೀರಾ ರೈಟರೇ?"

"ನನ್ ತಕ್ಕಡೀಲಿ ಟನ್‌ಗಟ್ಲೆ ಕಾಫಿ ತೂಗಿದೀನಿ ಮೇಡಂ. ಒಂದ್ ದಿನ ತಪ್ಪಿಲ್ಲ," ಎಂದು ಬಡಾಯಿ ಕೊಚ್ಚಿದೆ.

ಬೆಂಗಳೂರಿನಿಂದ ಗೋರಖಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ. ಸ್ಲೀಪರ್ ಬೋಗಿಯಲ್ಲಿ ಹಗಲು ಬೆಂಕಿಯಂಥ ಬಿಸಿಲು, ಬೆಳಗಿನ ಜಾವ ಮೈ ನಡುಗುವ ಚಳಿ. ಕಾಫಿ ಎಂದು ಮಾರಲು ಬಂದದ್ದನ್ನು ಒಂದು ಗುಟುಕು ಕುಡಿದು ಕಿಟಕಿಯಾಚೆ ಚೆಲ್ಲಿದೆ. ಕಾಫಿ ಬೆಳೆಯುವ ಊರಿನವನಿಗೆ ಅಷ್ಟೂ ಸಿಟ್ಟು ಬರಬಾರದೇ? ಸಿಂಚನ ಮಾತ್ರ ಮೇಲಿನ ಬರ್ತಿನಲ್ಲಿ ಕೂತು, ಗಾಳಿಯಲ್ಲೇ ಯಾರದೋ ಕಾಲರ್ ಹಿಡಿದು ಎಳೆಯುವ ಅಭ್ಯಾಸ ಮಾಡುತ್ತಿದ್ದಳು. ಕೆಳಗೆ ಕೂತಿದ್ದ ಅಜ್ಜಿಯೊಬ್ಬರು ಹೆದರಿ ಜಾಗ ಬದಲಿಸಿದರು.

ಗೋರಖಪುರದಿಂದ ಸುನೌಲಿ ಗಡಿಗೆ ಬಸ್ಸಿನಲ್ಲಿ ಮೂರು ಗಂಟೆ. ಗಡಿಯನ್ನು ನಡೆದೇ ದಾಟಿದೆವು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹತ್ತು ಗಂಟೆ ಬೆಟ್ಟದ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳದಲ್ಲಿ ಹೊಳೆ. ಬಿಸಿಲೆ ಘಾಟಿಯಲ್ಲಿ ಓಡಾಡಿದವನು ನಾನು, ಆದರೂ ಎರಡು ಸಲ ಕಣ್ಣು ಮುಚ್ಚಿಕೊಂಡೆ. ಮಧ್ಯಾಹ್ನ ದಾರಿಬದಿಯ ಹೋಟೆಲಿನಲ್ಲಿ ಅನ್ನ, ಬೇಳೆ, ಸೊಪ್ಪಿನ ಪಲ್ಯ. ಸಾಕು ಅನ್ನುವವರೆಗೂ ಬಡಿಸುತ್ತಾರೆ. ಸಿಂಚನ ಇನ್ನೊಂದು ಸಲ ಹಾಕಿಸಿಕೊಳ್ಳಲೇ ಎಂಬಂತೆ ನನ್ನ ಮುಖ ನೋಡಿದಳು. "ತಿನ್ನು, ಕಾಲು ಕೆಜಿ ಕೈಯಲ್ಲೈತೆ," ಎಂದೆ.

ಮರುದಿನ ಬೆಳಿಗ್ಗೆ ಕಠ್ಮಂಡುವಿನಲ್ಲಿ ಸ್ಪರ್ಧೆಯ ಕ್ರೀಡಾಂಗಣಕ್ಕೆ ಹೋದೆವು. ಹತ್ತಾರು ದೇಶದ ಮಕ್ಕಳು, ಹತ್ತಾರು ಭಾಷೆ. ನಿಜವಾದ ತೂಕ ಮಾರನೆಯ ದಿನ. ಅವತ್ತು ಬೇಕಾದವರು ಪರೀಕ್ಷೆಗೆ ತೂಗಿಕೊಳ್ಳಬಹುದಿತ್ತು. ಸಿಂಚನ ಹತ್ತಿದಳು. ನಲವತ್ತೆಂಟು ಕೆಜಿ ಒಂಬೈನೂರು ಗ್ರಾಂ.

ನನಗೆ ಪಿತ್ತ ನೆತ್ತಿಗೇರಿತು. ಬಾಗಿಲಲ್ಲಿದ್ದ ಅಧಿಕಾರಿಗೆ ನನ್ನ ಹರಕು ಹಿಂದಿಯಲ್ಲಿ, ನಿಮ್ಮ ಯಂತ್ರ ಕೆಟ್ಟಿದೆ ಎಂದು ಜೋರು ಮಾಡಿದೆ. ಆತ ಪಾಪ, ಸಮಾಧಾನದಿಂದ "ಮಶೀನ್ ಠೀಕ್ ಹೈ, ದಾಜು," ಎಂದ. ದಾಜು ಅಂದರೆ ಅಣ್ಣ. ನಾನು ಬಿಡಲಿಲ್ಲ. ಮೊಬೈಲಿನಲ್ಲಿದ್ದ ಸ್ಟೋರ್ ಪುಸ್ತಕದ ಫೋಟೊ ತೆಗೆದು ಮೇಡಂ ಮುಂದೆ ಹಿಡಿದೆ. ಅವರು ದೊಡ್ಡದು ಮಾಡಿ ನೋಡಿದರು, ಮೇಲಿನ ಸಾಲು ಓದಿದರು.

"ರೈಟರೇ, ಇಲ್ಲಿ 'ಚೀಲ ಕಳೆದು' ಅಂತ ಇದೆಯಲ್ಲ. ಯಾವ ಚೀಲ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಣ್ಣಿನ ಮೂಟೆ ತೂಗಿದಾಗ ಗೋಣಿಚೀಲದ್ದೆಂದು ಒಂದು ಕೆಜಿ ಕಳೆದೇ ಬರೆಯುವುದು ನಮ್ಮ ಪದ್ಧತಿ. ಹದಿನೆಂಟು ವರ್ಷದಿಂದ ಕಣ್ಣು ಒಂದು ನೋಡುತ್ತದೆ, ಕೈ ಒಂದು ಕೆಜಿ ಕಡಿಮೆ ಬರೆಯುತ್ತದೆ. ಅಕ್ಕನ ಮಗಳಿಂದಲೂ ಎರಡು ತಿಂಗಳು ಗೋಣಿಚೀಲ ಕಳೆದಿದ್ದೆ. ತನ್ನೆಲೆಯಲ್ಲಿ ಹೆಗ್ಗಣ ಇಟ್ಟುಕೊಂಡು ಪರರೆಲೆಯ ನೊಣ ತೋರಿಸಿದ್ದೆ.

ಹೇಳಿಬಿಟ್ಟೆ. ಸಿಂಚನಳ ಕಣ್ಣು ತುಂಬಿತು. ಅತ್ತಳು, ಮುಖ ತೊಳೆದು ಬಂದಳು. ಬೇರೆ ತಂಡದ ಹುಡುಗಿಯೊಬ್ಬಳು ಸ್ವೆಟರಿನ ಮೇಲೆ ಸ್ವೆಟರು ಹಾಕಿ ಬೆವರಿಳಿಸಲು ಓಡುತ್ತಿದ್ದಳು. ಮೇಡಂ ಅದನ್ನು ನೋಡಿ, "ನನ್ ಮಕ್ಳನ್ನ ನಾನು ಹಂಗೆ ಒಣಗ್ಸಲ್ಲ," ಎಂದರು. ಸಂಜೆ ನಾಲ್ಕರೊಳಗೆ ಹೇಳಿದರೆ ಮೇಲಿನ ಗುಂಪಿಗೆ ಹೋಗಬಹುದಿತ್ತು. ಅಲ್ಲಿರುವವರು ಐವತ್ತೆರಡು ಕೆಜಿಯವರೆಗಿನ ಹುಡುಗಿಯರು.

"ಆಡ್ತೀನಿ ಮೇಡಂ," ಎಂದಳು ಸಿಂಚನ. "ಇಷ್ಟ್ ದೂರ ಬಂದು ಕೂತ್ಕೊಂಡು ನೋಡಕ್ಕಾಗಲ್ಲ."

ಮಾರನೆಯ ದಿನ ಮೊದಲ ಪಂದ್ಯದಲ್ಲಿ ನೇಪಾಳದ ಹುಡುಗಿಯನ್ನು ನೆಲಕ್ಕೆ ಒತ್ತಿ ಹಿಡಿದು ಗೆದ್ದಳು. ನಾನು ಕೂಗಿ ಕೂಗಿ ಗಂಟಲು ಕಟ್ಟಿತು. ಎರಡನೆಯದರಲ್ಲಿ ಉಜ್ಬೇಕಿಸ್ತಾನದ ಗಟ್ಟಿ ಭುಜದ ಹುಡುಗಿ. ಸಿಂಚನ ಮೂರು ನಿಮಿಷ ತಡೆದಳು, ಒಂದು ಸಲ ಎತ್ತಿಯೂ ಬಿಟ್ಟಳು. ಆಮೇಲೆ ಸಿಂಚನಳ ಬೆನ್ನು ನೆಲಕ್ಕೆ ಬಿದ್ದ ಶಬ್ದ ನಮ್ಮ ಗ್ಯಾಲರಿಗೂ ಕೇಳಿಸಿತು. ಅಲ್ಲಿಗೆ ಮುಗಿಯಿತು. ಅವಳ ತೂಕದ ಗುಂಪಿನಲ್ಲೇ ಆಡಿದ್ದರೆ ಏನಾಗುತ್ತಿತ್ತೋ ಹೇಳುವವರಾರು? ನಾನಂತೂ ಹೇಳಲಾರೆ.

ಹಿಂತಿರುಗುವ ನಾಲ್ಕು ದಿನವೂ ಅವಳು ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಲೂರಿನಲ್ಲಿ ಬಸ್ಸು ಬದಲಿಸುವಾಗ, "ಅಮ್ಮಂಗೆ ನಾನ್ ಹೇಳ್ತೀನಿ ಮಾವ, ನೀವ್ ಸುಮ್ನಿರಿ," ಎಂದಳು. ನಾನೂ ಹೂಂ ಅಂದೆ.

ಅಕ್ಕ ಅಂಗಳದಲ್ಲೇ ಕಾಯುತ್ತಿದ್ದಳು. ಸಿಂಚನ ಚೀಲ ಇಳಿಸುತ್ತ, "ನಾನೇ ಕೇಳ್ಕೊಂಡು ಮೇಲಿನ ತೂಕದೋರ್ ಜೊತೆ ಆಡ್ದೆ ಕಣಮ್ಮ. ಸೋತೋದೆ," ಎಂದಳು.

"ಯಾರ್ ಹೇಳಿದ್ರು ನಿಂಗೆ ಹಂಗ್ ಮಾಡು ಅಂತ? ಜಂಬ ಜಾಸ್ತಿ ಆಗೈತೆ. ಇದ್ದಿದ್ ಒಂದ್ ಅವಕಾಶ ಕೈಯಾರೆ ಕಳ್ಕೊಂಡಲ್ಲೇ," ಎಂದು ಅಕ್ಕ ಶುರು ಮಾಡಿದಳು. ಹುಡುಗಿ ತಲೆ ತಗ್ಗಿಸಿ ನಿಂತಳು. ಸುಮ್ಮನಿದ್ದರೆ ನಾನು ಬಚಾವಾಗುತ್ತಿದ್ದೆ. ಸುಮ್ಮನಿರಲು ಆಗಲಿಲ್ಲ.

"ಅವಳನ್ನ ಬೈಬೇಡ ಅಕ್ಕ. ತೂಕ ತಪ್ಪು ಬರ್ದಿದ್ದು ನಾನು."

ಅಕ್ಕ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ತಲೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ ಅವತ್ತೇ ಫೋನ್ ಮಾಡಿ ಎಲ್ಲಾ ಹೇಳಿದ್ರು ಕಣೋ. ನೀನು ಬಾಯ್ ಬಿಡ್ತೀಯೋ, ಮಗು ಬೈಸ್ಕೊಳ್ಳೋದ್ನ ನೋಡ್ಕೊಂಡು ನಿಂತಿರ್ತೀಯೋ ಅಂತ ನೋಡ್ತಿದ್ದೆ. ಒಳಗ್ ಬಾ."