ಬಿಸಿ ಆಯಿಲ್

ಯಲ್ಲಾಪುರದಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ಲಾರಿ ಓಡಿಸುವುದನ್ನು ಬಿಟ್ಟಮೇಲೂ ತಮ್ಮ ಹಳೆಯ ಕಾರಿನ ಆಯಿಲನ್ನು ಅಂಗಳದಲ್ಲೇ ಬದಲಿಸುತ್ತಿದ್ದರು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಕಾರಿನಡಿ ನುಸುಳಿ ನಟ್ಟು ಬಿಚ್ಚುವರು. ಇಳಿದ ಆಯಿಲನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಎಂಜಿನ್ ಹೇಗಿದೆಯೆಂದು ಹೇಳಿ, "ಬಿಸಿ ಆಯಿಲ್ ಸುಳ್ಳು ಹೇಳೂದಿಲ್ಲ, ಮಾಸ್ತರೆ" ಎನ್ನುವರು. ಆ ಕಪ್ಪು ಆಯಿಲಿಗಾಗಿ ನಾನು ಡಬ್ಬಿ ಹಿಡಿದು ಕಾಯುತ್ತಿದ್ದೆ. ಬೇಲಿಗೂಟಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಮತ್ತೆ ಕರೆದರು. ಹಿಂದಿನ ವಾರವಷ್ಟೇ ಅವರು ಹೊಸ ಆಯಿಲ್ ಹಾಕಿದ್ದರು, ನಾನು ಹಳೆಯದನ್ನು ಡಬ್ಬಿಗೆ ತುಂಬಿಸಿಕೊಂಡು ಹೋಗಿದ್ದೆ. ಆಮೇಲೆ ಕಾರು ಅಂಗಳ ಬಿಟ್ಟು ಕದಲಿರಲಿಲ್ಲ. ತಮಾಷೆಯೋ ಮರೆವೋ ತಿಳಿಯದೆ ಡಬ್ಬಿ ಹಿಡಿದು ಹೋದೆ.

ನಟ್ಟು ಬಿಚ್ಚಿದರು. ಬೋಗುಣಿಗೆ ಇಳಿದದ್ದು ಜೇನಿನ ಬಣ್ಣದ ಆಯಿಲ್. ಚಾಚಾ ತಿಕ್ಕಿದರು, ಮೂಸಿದರು. ಬೋಗುಣಿಯನ್ನು ನೋಡಿದರು, ಕಾರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಈ ಹೊಸಾ ಆಯಿಲ್ ಯಾರು ಹಾಕಿದ್ದು, ಮಾಸ್ತರೆ?"

ನೀವೇ ಎನ್ನಲು ನಾಲಿಗೆ ಏಳಲಿಲ್ಲ. "ಹೊಸದೆಲ್ಲಿ ಚಾಚಾ, ಕಪ್ಪಾಗಿದೆ. ಕೊಡಿ" ಎಂದು ಡಬ್ಬಿ ಮುಂದೆ ಹಿಡಿದೆ.

ಅವರು ಬೆರಳನ್ನು ತಮ್ಮ ಬಿಳಿ ಲುಂಗಿಗೆ ಒರೆಸಿಕೊಂಡರು. ಒರೆಸಿದ ಜಾಗದಲ್ಲಿ ಕಪ್ಪು ಕಲೆ ಹುಡುಕುತ್ತ ಅಲ್ಲೇ ಕುಳಿತರು.