ವೈನಿಗೆ ಯಾವ ಬಣ್ಣ ಇಷ್ಟ?

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಯಾರೋ ಮನೆಗೆ ಬಣ್ಣ ಹಚ್ಚಿಸುತ್ತಿದ್ದಾರೆ. ಆ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದಂತೆ. ನನಗೆ ನೆನಪಿಗೆ ಬರುವುದು ಶೇಡಬಾಳದ ತವರುಮನೆ, ಅಲ್ಲಿಯ ವೈನಿ, ಅಂದರೆ ನಮ್ಮಣ್ಣನ ಹೆಂಡತಿ.

ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಪಿಯುಸಿಗೇ ಓದು ಬಿಟ್ಟಿದ್ದ ವೈನಿ ಮನೆಯಲ್ಲಿದ್ದುಕೊಂಡೇ ಬಿ.ಎ. ಪರೀಕ್ಷೆಗೆ ಕಟ್ಟಿದ್ದಳು. ಉಳಿದ ವಿಷಯಗಳೆಲ್ಲ ಸಲೀಸು, ಇಂಗ್ಲಿಷ್ ಮಾತ್ರ ಕೈಗೆ ಹತ್ತದು. ಆಗಷ್ಟೇ ಡಿಗ್ರಿ ಮುಗಿಸಿ ಮಹಾ ಪಂಡಿತಳ ಹಾಗೆ ಮನೆತುಂಬ ಓಡಾಡುತ್ತಿದ್ದ ನಾನೇ ಅವಳಿಗೆ ಪಾಠ ಹೇಳುವ ಅಕ್ಕೋರು.

ಪ್ರಶ್ನೆ ಕೇಳುವ ಪಾಠಕ್ಕೆ ಬಂದು ಬಂಡಿ ನಿಂತಿತು. “ನಮ್ಮ ಮಾತಿನಾಗ ಕಡೀಕ ಒಂದು ‘ಏನ’ ಹಚ್ಚಿದ್ರ ಪ್ರಶ್ನಿ ಆತು,” ಎಂದು ವೈನಿಯ ತಕರಾರು. “ಇವರದ ಮಾತ ಶುರು ಆಗೂ ಮೊದಲ ‘ಡು’ ಅನ್ನೂದನ್ನ ತಂದು ನಿಲ್ಲಸಬೇಕು, ಬಾಗಲದಾಗ ನಾಯಿ ಕಟ್ಟಿದಂಗ!”

ಅದೇ ದಿನಗಳಲ್ಲಿ ಅವಳ ಖೋಲಿಗೆ ಬಣ್ಣ ಹಚ್ಚಿಸುವ ಮಾತು ನಡೆದಿತ್ತು. ಅಣ್ಣ ಹೋದ ಮೇಲೆ ಆ ಗೋಡೆಗಳನ್ನು ಯಾರೂ ಮುಟ್ಟಿರಲಿಲ್ಲ. ಸುಣ್ಣ ಪೊರೆಪೊರೆಯಾಗಿ ಅವಳ ಪುಸ್ತಕದ ಮೇಲೆ ಉದುರುತ್ತಿತ್ತು. ಅದನ್ನೇ ಪಾಠ ಮಾಡಿಕೊಂಡೆವು. ಕಟ್ಟೆಯ ಮೇಲೆ ಕೂತು ನಾನು ಇಂಗ್ಲಿಷಿನಲ್ಲಿ ಕೇಳುವುದು, ಅವಳು ಹೇಳುವುದು, ಆಮೇಲೆ ಅದಲುಬದಲು. ಯಾರು ಹಚ್ಚುತ್ತಾರೆ? ಯಾವಾಗ ಬರುತ್ತಾರೆ? ಕಪಾಟು ಎಲ್ಲಿಗೆ ಸರಿಸುವುದು? ತಡವರಿಸುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟಳು. “ವಿಚ್ ಕಲರ್ ಡು ಯು ಲೈಕ್?” ಅಂದೆ. ಪುಸ್ತಕದ ಮೇಲಿನ ಸುಣ್ಣದ ಪುಡಿ ಒರೆಸತೊಡಗಿದಳು.

“ಪ್ರಶ್ನಿ ತಿಳೀಲಿಲ್ಲೇನ ವೈನಿ?”

“ಪ್ರಶ್ನಿ ತಿಳೀತು. ಉತ್ತರ ಗೊತ್ತಿಲ್ಲ. ಇದನ್ನ ನನಗ ಯಾರೂ ಕೇಳೇ ಇಲ್ಲ. ತವರಮನ್ಯಾಗ ಅಪ್ಪಾ ಹಚ್ಚಿಸಿದ್ದು, ಇಲ್ಲಿ ನಿಮ್ಮಣ್ಣ ಹಚ್ಚಿಸಿದ್ದು.”

ಅಲ್ಲೇ ಜೋಳ ಹಸನು ಮಾಡುತ್ತಿದ್ದ ಅವ್ವ ತಲೆಯೆತ್ತಿದಳು. “ಏನಂತ ಕೇಳಿದಿ ಅಕೀನ್ನ?” ಹೇಳಿದೆ. ಅವ್ವ ಮೊರ ಪಕ್ಕಕ್ಕಿಟ್ಟು ಅದನ್ನೇ ನಮ್ಮ ಮಾತಿನಲ್ಲಿ ಕೇಳಿದಳು: “ನಿನಗ ಯಾವ ಬಣ್ಣ ಸೇರತೈತವಾ?”

ವೈನಿ ಪುಸ್ತಕ ಮುಚ್ಚಿಟ್ಟು, “ಹಸರ,” ಅಂದಳು.

ಹಸಿರು ನಮ್ಮ ಕಡೆ ಮುತ್ತೈದೆಯರ ಬಣ್ಣ. ಅಣ್ಣ ಹೋದ ದಿನ ವೈನಿಯ ಕೈಯಿಂದ ಹಸಿರು ಬಳೆಗಳನ್ನು ತೆಗೆಸಿದವಳು ಅವ್ವನೇ. ಅವ್ವ ಮತ್ತೆ ಮೊರ ಎತ್ತಿಕೊಂಡು ಒಂದೆರಡು ಸಲ ಕೇರಿದಳು.

“ಹಸರನ ಹಚ್ಚಸು. ಯಾರರೆ ಕೇಳಿದ್ರ ನಮ್ಮತ್ತಿ ಹೇಳ್ಯಾಳ ಅನ್ನು.”

ಕೇಳುವವರು ಕೇಳಿಯೇ ಕೇಳಿದರು. ವೈನಿ ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟು ಕಳಿಸಿದಳು. ವೈನಿ ಪಾಸಾದಳು. ಈಗ ಹತ್ತಿರದ ಶಾಲೆಯೊಂದರಲ್ಲಿ ಕಲಿಸುತ್ತಾಳೆ.

ಕಳೆದ ವಾರ ತವರಿಗೆ ಹೋಗಿದ್ದೆ. ಆ ಹಸಿರು ಮಾಸಿದೆ. ಇನ್ನೊಮ್ಮೆ ಬಣ್ಣ ಹಚ್ಚಿಸುತ್ತಾರಂತೆ, ಈ ಸಲ ಇಡೀ ಮನೆಗೆ. “ಯಾವ ಬಣ್ಣ ವೈನಿ?” ಅಂದೆ.

“ನನ್ನ ಪಾಳಿ ಮುಗೀತು. ಈ ಸಲ ಅತ್ತೀದು. ಅವರನ್ನೂ ಯಾರೂ ಕೇಳಿಲ್ಲಲಾ?”

ಅವ್ವನಿಗೆ ಯಾವ ಬಣ್ಣ ಇಷ್ಟ? ನನಗೆ ಗೊತ್ತಿಲ್ಲ. ನಿಮ್ಮ ತಾಯಿಯದು ನಿಮಗೆ ಗೊತ್ತೇ?

ಇವತ್ತು ಬೆಳಿಗ್ಗೆ ಫೋನ್ ಮಾಡಿ, “ಯಾವ ಬಣ್ಣ ಠರಾಯಿಸಿದಿ ಬೇ ಅವ್ವಾ?” ಎಂದು ಕೇಳಿದೆ.

“ಇನ್ನೂ ವಿಚಾರ ಮಾಡಾಕತ್ತೀನಿ,” ಅಂದಳು ಅವ್ವ. “ಗಡಿಬಿಡಿ ಮಾಡಬ್ಯಾಡ್ರಿ.”